ನೂರ ಎಪ್ಪತ್ತಾರನೇ ಪುಟ

ಫಜಲುಲ್ಲಾ ಮೇಷ್ಟ್ರು ವೇದಿಕೆಯ ಮೇಲೆ ಹೊಸ ಕಾದಂಬರಿಗೆ ಸುತ್ತಿದ್ದ ಬಣ್ಣದ ಕಾಗದ ಬಿಚ್ಚಿ, ಅಭ್ಯಾಸಬಲದಿಂದ ಕೊನೆಯ ಪುಟ ತೆರೆದರು. ಪುಟದ ಸಂಖ್ಯೆಯನ್ನು ಎರಡು ಸಲ ಓದಿದರು. ನೂರ ತೊಂಬತ್ತೆರಡು.

ಅವರು ಓದಿದ್ದ ಪ್ರತಿ ಮುಗಿದದ್ದು ನೂರ ಎಪ್ಪತ್ತಾರಕ್ಕೆ.

ಬಿಡುಗಡೆಗೆ ತಿಂಗಳ ಮುಂಚೆಯೇ ಲೇಖಕಿ ಉಷಾರಾಣಿ ಹೊಸದುರ್ಗದಿಂದ ಹಿರಿಯೂರಿಗೆ ಆ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದರು. ಜೊತೆಗೊಂದು ಚೀಟಿ: 'ಇದರಲ್ಲಿ ಇರುವಷ್ಟನ್ನು ಓದಿ, ಅನಿಸಿದ್ದನ್ನು ಬರೆಯಿರಿ.' ಎಂಥ ವಿನಯ ಎಂದುಕೊಂಡಿದ್ದರು ಮೇಷ್ಟ್ರು. ಓದಿ ಮನಸೋತರು. ನಾಯಕಿ ಗಂಡನ ಮನೆಯ ಬಾಗಿಲು ಎಳೆದುಕೊಂಡು ಬಸ್‌ಸ್ಟ್ಯಾಂಡಿನತ್ತ ನಡೆಯುತ್ತಾಳೆ. ಕಥೆ ಅಲ್ಲಿಗೆ ನಿಲ್ಲುತ್ತದೆ. 'ಅವಳನ್ನು ವಾಪಸ್ ಕರೆತರದಿರುವುದೇ ಈ ಕಾದಂಬರಿಯ ಧೈರ್ಯ' ಎಂದು ತಮ್ಮ ಭಾನುವಾರದ ಅಂಕಣದಲ್ಲಿ ಬರೆದರು. ಇಪ್ಪತ್ತು ವರ್ಷದ ಅಂಕಣ. ಅವರು ಮೆಚ್ಚಿದ್ದನ್ನು ಜಿಲ್ಲೆಯ ಓದುಗರು ಕಣ್ಣುಮುಚ್ಚಿ ಕೊಳ್ಳುತ್ತಿದ್ದರು. ಇವತ್ತು ಚಿತ್ರದುರ್ಗದ ಈ ಸಭಾಂಗಣ ತುಂಬಿದ್ದೂ ಅದಕ್ಕೇ.

ರಾಮಗಿರಿಯಿಂದ ಬಂದಿದ್ದ ರಂಗಕ್ಕ ಬಾಗಿಲಲ್ಲೇ ಹಿಡಿದು ಕೇಳಿದ್ದರು: "ಆ ಹೆಣ್ಮಗಳು ವಾಪಸ್ ಹೋಗಲ್ಲ ತಾನೆ ಮೇಷ್ಟ್ರೇ? ಹೋಗಂಗಿದ್ರೆ ನನಗೆ ಆ ಪುಸ್ತಕ ಬ್ಯಾಡ."

"ಹೋಗಲ್ಲ ರಂಗಕ್ಕ. ನನ್ನ ಮಾತು."

ಈಗ ಮೇಷ್ಟ್ರು ಆ ಹೆಚ್ಚಿನ ಹದಿನಾರು ಪುಟ ಸರಸರನೆ ತಿರುವಿದರು. ನಾಯಕಿ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದು, ಗಂಡನ ಕಾಲು ಹಿಡಿದು, ಕಣ್ಣೊರೆಸಿಕೊಂಡು ಅಡುಗೆಗೆ ನಿಂತಿದ್ದಳು.

ಎದ್ದು ಹೋಗೋಣವೆಂದರೆ ಎಡಕ್ಕೆ ಉಷಾರಾಣಿ, ಬಲಕ್ಕೆ ಅವರ ಗಂಡ ಲಕ್ಷ್ಮೀಕಾಂತ್, ಮುಂದೆ ಟೀಪಾಯಿ, ಹಿಂದೆ ಗೋಡೆ. ಹೆಗಲ ಮೇಲೆ ಶಾಲು, ಕೊರಳಲ್ಲಿ ಹಾರ ಬೇರೆ. ಬೋನಿಗೆ ಬಿದ್ದ ಇಲಿಗಾದರೂ ಯಾರೂ ಶಾಲು ಹೊದಿಸುವುದಿಲ್ಲ.

"ಕೊನೇ ಭಾಗ ಹೆಂಗೈತೆ ಸಾರ್?" ಲಕ್ಷ್ಮೀಕಾಂತ್ ಬಗ್ಗಿ ಕೇಳಿದ. ಪ್ರೆಸ್ಸು ಅವನದೇ, ಪ್ರಕಾಶನವೂ ಅವನದೇ. "ಅದಿಲ್ದಿದ್ರೆ ನಾನು ಅಚ್ಚೇ ಹಾಕ್ತಿರಲಿಲ್ಲ. ನೀವು ಬರೆದಿದ್ದು ಓದಾಕೆ ಪುರುಸೊತ್ತಾಗಲಿಲ್ಲ. ಜನ ಬಂದವ್ರೆ, ಅಷ್ಟು ಸಾಕು."

ಮೇಷ್ಟ್ರು ಎಡಕ್ಕೆ ವಾಲಿ ಪಿಸುಗುಟ್ಟಿದರು: "ಅಮ್ಮಾ, ನನ್ನ ಪ್ರತೀಲಿ ಕೊನೇ ಹದಿನಾರು ಪುಟ ಇರಲೇ ಇಲ್ಲ. ಬೈಂಡಿಂಗ್‌ನಲ್ಲಿ ಬಿಟ್ಟೋಗೈತೆ."

ಉಷಾರಾಣಿ ತಿರುಗಿ ನೋಡಲಿಲ್ಲ. ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುವ ಸೂಜಿ ಹಿಡಿದು ಜಡ್ಡುಗಟ್ಟಿದ ಬೆರಳುಗಳು ಸೆರಗಿನ ತುದಿ ಹಿಂಡುತ್ತಿದ್ದವು. "ಓದಿದ್ದನ್ನೇ ಹೇಳ್ರಿ ಸಾರ್," ಎಂದರು.

ಇದು ಕೋಪವೇ ಸರಿ ಎಂದು ಮೇಷ್ಟ್ರು ಕುಗ್ಗಿಹೋದರು. ಅಷ್ಟರಲ್ಲಿ ಮೈಕಿನಲ್ಲಿ ಅವರ ಹೆಸರು ಕೂಗಿದರು.

ಆ ಕೊನೆಯನ್ನೂ ನಾಲ್ಕು ಮಾತು ಹೊಗಳಿಬಿಟ್ಟರೆ ಮಾನ ಉಳಿಯುತ್ತಿತ್ತು. ಆದರೆ ಮುಂದಿನ ಸಾಲಿನಲ್ಲಿ ರಂಗಕ್ಕ ಪುಸ್ತಕವನ್ನು ಎದೆಗವಚಿಕೊಂಡು ಕೂತಿದ್ದರು. ಮೇಷ್ಟ್ರು ಮೈಕು ಕೈಗೆತ್ತಿಕೊಂಡರು.

"ನನ್ನಿಂದ ತಪ್ಪಾಗಿದೆ," ಎಂದರು. "ನಾನು ಓದಿದ್ದು ಅರೆಬರೆ ಪ್ರತಿ. ಪೂರ್ತಿ ಪುಸ್ತಕದಲ್ಲಿ ಆಕೆ ವಾಪಸ್ ಹೋಗುತ್ತಾಳೆ. ಆದರೂ ನಾನು ಮೆಚ್ಚಿದ್ದು ನೂರ ಎಪ್ಪತ್ತಾರನೇ ಪುಟದವರೆಗಿನ ಕಥೆಯನ್ನು. ಇವತ್ತೂ ಅಷ್ಟನ್ನೇ ಮೆಚ್ಚುತ್ತೇನೆ. ನಂಬಿ ಬಂದವರು ಕ್ಷಮಿಸಬೇಕು."

ಸಭೆ ಗುಜುಗುಜು ಎಂದಿತು. ಲಕ್ಷ್ಮೀಕಾಂತ್ ಕುರ್ಚಿ ತಳ್ಳಿ ಎದ್ದು ಗುಡುಗಿದ: "ನಮ್ಮ ಪ್ರೆಸ್ಸಲ್ಲಿ ಇಂಥ ಕೆಲಸ? ಯಾವನಪ್ಪ ಆ ಪ್ರತಿ ಹೊಲ್ದಿದ್ದು?"

ಉಷಾರಾಣಿ ಎದ್ದು ನಿಂತು, ಮೇಷ್ಟ್ರ ಕೈಯಿಂದ ಮೈಕು ತೆಗೆದುಕೊಂಡರು.

"ನಾನೇ ಹೊಲ್ದಿದ್ದು. ನಾನು ಬರೆದಿದ್ದು ಅಷ್ಟೇ ಪುಟ."