ಹೊಂಬಾಳಮ್ಮನ ಚಿಪ್ಪು

“ಮನೇಲಿ ಕುರಿ ಸಾಕಿದ್ದೀರಾ?” ಎಂದರು ಡಾಕ್ಟರು, ಹೊಂಬಾಳಮ್ಮನ ಬೆನ್ನಿನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡೇ. “ಹೋದ ವರ್ಷ ಅವು ದಿನ ತುಂಬೋ ಮುಂಚೆ ಕಂದು ಹಾಕಿದ್ವಾ?”

ಅವಳ ಗಂಡ ಮೈಲಾರಪ್ಪ ಬೆಪ್ಪಾದ. “ಹಾಕಿದ್ವು ಸ್ವಾಮಿ. ಸತ್ತ ಮರಿಗಳ್ನ ಇವ್ಳೇ ಕೈ ಹಾಕಿ ಎಳ್ದಿದ್ದು. ಮೂಳೆ ಫೋಟದಾಗೆ ಅದೂ ಕಾಣ್ತದಾ?”

ಡಾಕ್ಟರು ನಗಲಿಲ್ಲ. “ಕ್ಷಯ ಆಗಿದ್ರೆ ಈ ಮೂಳೆ ಕುಸಿದು ಬೆನ್ನು ಗೂನಾಗ್ತಿತ್ತು. ಇಲ್ಲಿ ಮೂಳೆ ನೆಟ್ಟಗೇ ಇದೆ, ಅಂಚು ಮಾತ್ರ ಸವೆದು ಕೊಕ್ಕಿನ ಹಾಗೆ ಬೆಳೆದಿದೆ. ಇದು ಕುರಿಯಿಂದ ಬಂದ ಸೋಂಕು. ರಕ್ತದಲ್ಲೂ ಅದೇ ಬಂದಿದೆ. ಒಬ್ಬರಿಂದ ಒಬ್ಬರಿಗೆ ಅಂಟೋದಲ್ಲ.”

ಹುಳಿಯಾರಿನಲ್ಲಿ ಯಾರೋ ಇದು ಮೂಳೆ ಕ್ಷಯ ಅಂದಂದಿನಿಂದ ಅತ್ತೆ ಹೊಂಬಾಳಮ್ಮನನ್ನು ತೋಟದ ಕೊಟ್ಟಿಗೆಯಲ್ಲಿ ಮಲಗಿಸಿದ್ದಳು. ಮನೆಯ ಲೋಟ ಮುಟ್ಟಬಾರದೆಂದು ನೀರು ಕುಡಿಯಲು ಒಂದು ತೆಂಗಿನ ಚಿಪ್ಪು ಕೊಟ್ಟಿದ್ದಳು. ನರ್ಸು ಈಗ ಮಾತ್ರೆಯ ಜೊತೆ ಸ್ಟೀಲ್ ಲೋಟದಲ್ಲಿ ನೀರು ತಂದಾಗ ಹೊಂಬಾಳಮ್ಮ ಚೀಲದಿಂದ ಆ ಚಿಪ್ಪು ತೆಗೆದು, ನೀರನ್ನು ಅದಕ್ಕೆ ಸುರಿದುಕೊಂಡು, ಲೋಟವನ್ನು ದೂರ ಸರಿಸಿದಳು.

ಮೈಲಾರಪ್ಪನಿಗೆ ನೋಡಲಾಗಲಿಲ್ಲ. “ಎಸಿಯೇ ಅದ್ನ! ಕ್ಷಯ ಅಲ್ವಂತೆ, ಕೇಳಿಸ್ಲಿಲ್ವಾ?” ಎಂದು ಕೈ ಚಾಚಿದ.

ಅವಳು ನಿಧಾನವಾಗಿ ಕುಡಿದು ಮುಗಿಸಿ, ಚಿಪ್ಪನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಚೀಲಕ್ಕೆ ಹಾಕಿಕೊಂಡಳು.

“ಇರ್ಲಿ ಬುಡಿ. ನಿಮ್ಮವ್ವಂಗೆ ಈ ಫೋಟ ಓದಾಕೆ ಬರಾಕಿಲ್ವಲ್ಲ.”