ಹಿಂದೆ ಸರಿದವರು

ಹರಾಜಿನಲ್ಲಿ ಯಾರಾದರೂ ನಡುವೆಯೇ ಹಿಂದೆ ಸರಿದರೆ, ಆ ವಸ್ತುವಿನಲ್ಲಿ ಏನೋ ಐಬಿದೆ ಎಂದು ಅವರಿಗೆ ಗೊತ್ತಾಗಿರುತ್ತದೆ. ಇದನ್ನು ಗಣಿತದಲ್ಲಿ ಬಿಡಿಸಿ ತೋರಿಸಿಯೇ ಅರ್ಥಶಾಸ್ತ್ರದ ಪ್ರೊಫೆಸರ್ ಇಂದುಮತಿ ಹೆಸರು ಮಾಡಿದ್ದರು.

ಅವರು ಕೆಲಸ ಮಾಡುತ್ತಿದ್ದ ಸಂಸ್ಥೆಯ ನಿರ್ದೇಶಕರ ಹುದ್ದೆಗೆ ಅವರೂ ಸೇರಿ ಮೂವರು ಅರ್ಜಿ ಹಾಕಿದ್ದರು. ಇಂದುಮತಿಗೆ ಸರಿಸಾಟಿಯೆಂದರೆ ಸಹೋದ್ಯೋಗಿ ಚನ್ನವೀರಯ್ಯ ಒಬ್ಬರೇ. ಸಂದರ್ಶನದ ಹಿಂದಿನ ದಿನ ಅವರು ಅರ್ಜಿ ವಾಪಸ್ ಪಡೆದರು. ಅವರನ್ನು ಇಂದುಮತಿ ಕಾರಿಡಾರಿನಲ್ಲೇ ತಡೆದು ನಿಲ್ಲಿಸಿದರು.

"ಯಾಕೆ ಸರ್, ಇದ್ದಕ್ಕಿದ್ದ ಹಾಗೆ?"

"ನೀವೇ ಆಗಿ ಮೇಡಂ. ನಿಮಗೇ ಒಪ್ಪುತ್ತೆ."

"ಅಲ್ಲೇನಾದ್ರೂ ಗಲಾಟೆ ಇದೆಯಾ? ತನಿಖೆ ಗಿನಿಖೆ?"

"ಅಯ್ಯೋ, ಏನೂ ಇಲ್ಲ ಮೇಡಂ," ಎಂದು ಚನ್ನವೀರಯ್ಯ ನಕ್ಕರು.

ಆ ನಗುವೇ ಇಂದುಮತಿಗೆ ಸರಿಬರಲಿಲ್ಲ. ಕೈಗೆಟಕುವ ಕುರ್ಚಿಯನ್ನು ಯಾರಾದರೂ ಸುಮ್ಮನೆ ಬಿಡುತ್ತಾರೆಯೇ? ಇವರು ಏನೋ ಮುಚ್ಚಿಡುತ್ತಿದ್ದಾರೆ, ನನ್ನನ್ನು ಸಿಕ್ಕಿಸಲು ನೋಡುತ್ತಿದ್ದಾರೆ ಎಂದುಕೊಂಡರು. ಮರುದಿನ ಬೆಳಿಗ್ಗೆ ಅವರೂ ಅರ್ಜಿ ಹಿಂದಕ್ಕೆ ಪಡೆದರು. ಯಾರೂ ಲೆಕ್ಕಕ್ಕೇ ಹಿಡಿಯದಿದ್ದ ಮೂರನೆಯವರಿಗೆ ಹುದ್ದೆ ಸಿಕ್ಕಿತು.

ಸಂಜೆ ಚನ್ನವೀರಯ್ಯ ಮುಖ ಪೆಚ್ಚಾಗಿಸಿಕೊಂಡು ಇಂದುಮತಿಯ ಕೋಣೆಗೆ ಬಂದರು.

"ಎಂಥ ಕೆಲಸ ಮಾಡಿದ್ರಿ ಮೇಡಂ! ರಿಟೈರ್ ಆಗೋದ್ರೊಳಗೆ ಒಂದಿಷ್ಟು ದಿನ ನಿಮ್ಮ ಕೈಕೆಳಗೆ ಕೆಲಸ ಮಾಡ್ಬೇಕು ಅಂತ ಆಸೆ ಇಟ್ಕೊಂಡಿದ್ದೆ."