ಬಿಟ್ಟ ಮಾತು

ಜನ ಇಂಟರ್ನೆಟ್ಟಿನಲ್ಲಿ ಅರ್ಧ ಮಾತು ಹಾಕಿ ಹುಡುಕುತ್ತಾರೆ. ಅವರು ಬಿಟ್ಟಿದ್ದನ್ನು ತಾನೇ ಊಹಿಸಿ ಸೇರಿಸಿಕೊಳ್ಳುವುದನ್ನು ಯಂತ್ರಕ್ಕೆ ಕಲಿಸುವುದು ಅವನ ಕೆಲಸ. 'ಮೊಣಕಾಲು' ಎಂದು ಹಾಕಿದರೆ 'ನೋವು', 'ಔಷಧಿ' ಎರಡೂ ಸೇರಬೇಕು. ಎಂಟು ತಿಂಗಳಿಂದ ಇದನ್ನೇ ಮಾಡಿ ಅವನ ಕಣ್ಣುಗಳು ಸೋತುಹೋಗಿದ್ದವು. ಮನೆಯಲ್ಲೂ ಅದೇ ಚಾಳಿ. ಹೆಂಡತಿ "ನನಗೆ..." ಎನ್ನುವಷ್ಟರಲ್ಲಿ, "ಸುಸ್ತು ತಾನೇ? ಹೋಗಿ ಮಲ್ಕೋ" ಎಂದು ಮುಗಿಸಿಬಿಡುತ್ತಿದ್ದ.

ಆ ಭಾನುವಾರ ಅವಳು ಬ್ಯಾಗು ಹಿಡಿದು ಬಾಗಿಲಲ್ಲಿ ನಿಂತಳು. "ನಾನು ಹೋಗ್ತೀನಿ."

ಅವನು ಕಂಪ್ಯೂಟರಿನಿಂದ ಕಣ್ಣು ಕೀಳದೆ ಆಕಳಿಸಿದ. "ಬರೀ ಹೋಗ್ತೀನಿ ಅನ್ನಬಾರದು ಕಣೇ. ಹೋಗಿ ಬರ್ತೀನಿ ಅನ್ನು."

"ಗೊತ್ತು," ಎಂದಳು ಅವಳು, ಚಪ್ಪಲಿ ಮೆಟ್ಟುತ್ತಾ. "ಈ ಒಂದು ಮಾತಿಗೆ ನೀವೇನೂ ಸೇರಿಸಬೇಡಿ."